ಮುಪ್ಪಿಗೆ ಮದ್ದು, ಮೂರು ಚೀಲ

ಗುರುವಾರ ಸಂಜೆ. ಮೂರನೇ ಶಂಖ ಊದಿ ಹತ್ತು ನಿಮಿಷವಾಗಿರಬಹುದು. ಫಾಗಾತೈ ಊರಿನ ಕಾಡಂಚಿನ ಮನೆಯಿಂದ ಗಂಡಸೊಬ್ಬ ಕಿಟಾರನೆ ಕಿರುಚಿದ.

ಪಕ್ಕದ ಮನೆಯ ಲೆಪೇಕಾ ಬೇಯಿಸಿದ ಕೆಸುವಿನ ಗಡ್ಡೆಯ ತಟ್ಟೆಯನ್ನು ಅಲ್ಲೇ ಎಸೆದು ಓಡಿದಳು. ತೆಂಗಿನ ಗರಿಯ ಪರದೆ ಸರಿಸಿದವಳು ಹೊಸ್ತಿಲಲ್ಲೇ ಕುಸಿದಳು. ಒಳಗೆ ಡಾಕ್ಟರ್ ರೋಪೇಟಿ ನಿಂತಿದ್ದ. ಅವನ ಎರಡೂ ಕೈಗಳ ಮೇಲೆ ನಾಟಿ ವೈದ್ಯೆ ಮೊಯೆಲಾಂಗಿ ಅಜ್ಜಿ ಜೋತು ಬಿದ್ದಿದ್ದಳು. ಎಪ್ಪತ್ತೆಂಟು ವರ್ಷದ ಅಜ್ಜಿಯ ತಲೆಯ ಹಿಂಭಾಗ ಒಡೆದು ಹೋಳಾಗಿತ್ತು. ಬಿಳಿ ಕೂದಲಿನಿಂದ ರಕ್ತ ಇನ್ನೂ ತೊಟ್ಟಿಕ್ಕುತ್ತಿತ್ತು. ಚಾಪೆಯ ಮೇಲೆ ಸೊಪ್ಪು ಜಜ್ಜುವ ಕರಿಗಲ್ಲು ಬಿದ್ದಿತ್ತು. ಕಲ್ಲಿಗೆ ಕೂದಲು ಅಂಟಿತ್ತು.

"ಯಾರೋ ಹೊಡೆದುಹಾಕಿದಾರೆ!" ಎಂದು ಡಾಕ್ಟರ್ ಮತ್ತೆ ಕಿರುಚಿದ. "ಅಯ್ಯೋ, ಯಾರಾದ್ರೂ ಬನ್ರೋ!"

ಊರಿಗೆ ಊರೇ ನೆರೆಯಿತು.

ಸಾರ್ಜೆಂಟ್ ತುತಾಸಿ ಜೀಪಿನಿಂದ ಇಳಿಯುವ ಹೊತ್ತಿಗೆ ಮುನ್ನೂರು ಜನ ಸೇರಿದ್ದರು. ನಲವತ್ತಾರರ ಹೆಂಗಸು, ಭುಜ ಅಗಲ, ಮಾತು ಕಡಿಮೆ. ಸವಾಯಿ ದ್ವೀಪದ ಈ ದಂಡೆಯಲ್ಲಿ ಇಪ್ಪತ್ತು ವರ್ಷದಿಂದ ಪೊಲೀಸು. ಜನರನ್ನು ಲಾಠಿಯಿಲ್ಲದೆ ಬರೀ ಮೊಣಕೈಯಲ್ಲಿ ಸರಿಸಿ ಒಳಗೆ ಹೋದಳು. ಅಜ್ಜಿಯ ಪಕ್ಕ ಮೊಣಕಾಲೂರಿ ಅವಳ ಕೈಗಳನ್ನು ನೋಡಿದಳು. ತುತಾಸಿಯ ಮೊದಲ ಹೆರಿಗೆಯಲ್ಲಿ ಹೊಟ್ಟೆ ನೀವಿದ ಕೈಗಳು ಅವು. ಅಳು ಒತ್ತರಿಸಿಕೊಂಡು ಬಂತು. ನುಂಗಿಕೊಂಡಳು.

ಏಟು ಒಂದಲ್ಲ, ಮೂರು. ಮೂರೂ ತಲೆಯ ಹಿಂದೆ, ಮೇಲುಭಾಗಕ್ಕೆ. ಅಜ್ಜಿಯ ಬೆರಳುಗಳು ಇನ್ನೂ ಒಂದಕ್ಕೊಂದು ಹೆಣೆದುಕೊಂಡೇ ಇದ್ದವು. ಪ್ರಾರ್ಥನೆಗೆ ಜೋಡಿಸಿದ ಕೈಯನ್ನು ಬಿಡಿಸಿಕೊಳ್ಳುವಷ್ಟೂ ಪುರಸೊತ್ತು ಸಿಕ್ಕಿರಲಿಲ್ಲ.

ಅಂದರೆ ಕೊಲೆ ನಡೆದದ್ದು ಸಾ ಹೊತ್ತಿನಲ್ಲಿ, ಸಂಜೆಯ ಮನೆಪ್ರಾರ್ಥನೆಯ ವೇಳೆಯಲ್ಲಿ. ಮೊದಲ ಶಂಖಕ್ಕೆ ಎಲ್ಲರೂ ಮನೆ ಸೇರಬೇಕು. ಎರಡನೆಯದಕ್ಕೆ ಹಾಡು, ಪ್ರಾರ್ಥನೆ. ಮೂರನೆಯದು ಊದುವವರೆಗೆ ನಾಯಿ ಬಿಟ್ಟರೆ ಬೇರೆ ಯಾರೂ ರಸ್ತೆಗಿಳಿಯುವಂತಿಲ್ಲ. ಊರಿನ ಯುವಕರು ದಾರಿಯುದ್ದಕ್ಕೂ ಕಾವಲು ನಿಲ್ಲುತ್ತಾರೆ. ಆ ದಿನವೂ ಹನ್ನೊಂದು ಜನ ನಿಂತಿದ್ದರು. ಒಂದು ನರಪಿಳ್ಳೆಯೂ ಹಾಯಲಿಲ್ಲ ಎಂದು ಹನ್ನೊಂದು ಜನವೂ ಆಣೆಯಿಟ್ಟರು.

"ಡಾಕ್ಟ್ರೇ, ನೀವು ಯಾವಾಗ ಬಂದ್ರಿ?" ತುತಾಸಿ ಕೇಳಿದಳು.

"ಮೂರನೇ ಶಂಖ ಆದ್ಮೇಲೆ. ಪಾದ್ರಿಯವರ ಅತಿಥಿ ಮನೆಯಲ್ಲಿ ಒಬ್ಬನೇ ಪ್ರಾರ್ಥನೆ ಮುಗಿಸಿದೆ. ಹಿತ್ತಲ ದಾರಿಯಲ್ಲಿ ಬಂದೆ. ನೋಡಿದ್ರೆ ಹೀಗೆ."

"ಬಂದು ಏನು ಮಾಡಿದ್ರಿ?"

"ಎತ್ತಿದೆ. ಎದೆಗೆ ಒರಗಿಸಿಕೊಂಡೆ. ಜೀವ ಇದೆಯೇನೋ ಅಂತ."

"ಕೂತ್ಕೊಂಡ್ರಾ?"

"ಕೂರೋಕೆ ಮನಸ್ಸಾದ್ರೂ ಹೇಗೆ ಬರುತ್ತೆ, ಸಾರ್ಜೆಂಟಮ್ಮ? ನಿಂತೇ ಇದ್ದೆ. ಲೆಪೇಕಾನ ಕೇಳಿ."

ಲೆಪೇಕಾ ಹೌದೆಂದು ತಲೆಯಾಡಿಸಿದಳು. ಡಾಕ್ಟರನ ಅಂಗಿಯೆಲ್ಲ ರಕ್ತ. ಸೊಂಟಕ್ಕೆ ಸುತ್ತಿದ ತಿಳಿ ಬೂದುಬಣ್ಣದ ಲಾವಲಾವಾ ಬಟ್ಟೆಯೂ ಹಾಗೆಯೇ. ತುತಾಸಿ ಎರಡನ್ನೂ ಕೇಳಿದಳು. ಅವನು ಅಲ್ಲೇ ಬಿಚ್ಚಿ, ಪಾದ್ರಿಯವರು ತಂದ ಬೇರೆ ಬಟ್ಟೆ ಸುತ್ತಿಕೊಂಡ. ಒಂದು ಮಾತೂ ಎದುರಾಡಲಿಲ್ಲ.

ಡಾಕ್ಟರ್ ರೋಪೇಟಿ ಆಕ್ಲೆಂಡಿನಲ್ಲಿ ಬೆಳೆದವನಾದರೂ ಹುಟ್ಟಿದ್ದು ಇದೇ ಊರಿನಲ್ಲಿ. ಈಗ ರಾಜಧಾನಿ ಆಪಿಯಾದಲ್ಲಿ ಪ್ರಯೋಗಾಲಯ ಇಟ್ಟಿದ್ದ. ಅಜ್ಜಿಯ ಸೊಪ್ಪು ಮುಪ್ಪನ್ನು ತಡೆಯುತ್ತದೆ ಎಂದು ಲೋಕಕ್ಕೆಲ್ಲ ಸಾರಿದವನು ಇವನೇ. ಊರಿನ ಪಾಲಿಗೆ ದೇವರು ಕಳಿಸಿದ ಮಗ.

"ಆ ಸೊಪ್ಪು ನಿಜವಾಗ್ಲೂ ಏನು ಮಾಡುತ್ತೆ?" ತುತಾಸಿ ಕೇಳಿದಳು.

"ನಮ್ಮ ಚರ್ಮದ ಕೋಶಗಳನ್ನ ತಟ್ಟೆಯಲ್ಲಿ ಬೆಳೆಸ್ತೀವಿ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಸುಮಾರು ಐವತ್ತು ಸುತ್ತು ಆದ್ಮೇಲೆ ಸುಸ್ತಾಗಿ ನಿಂತುಬಿಡ್ತಾವೆ. ಅದೇ ಕೋಶದ ಮುಪ್ಪು. ಒಂದು ಬಣ್ಣ ಹಾಕಿದ್ರೆ ಮುದಿ ಕೋಶ ನೀಲಿಯಾಗುತ್ತೆ. ಅಜ್ಜಿ ಕೊಟ್ಟ ಮೂರು ಚೀಲ ಸೊಪ್ಪಿನ ಸಾರ ಹಾಕಿದ ತಟ್ಟೆಯಲ್ಲಿ ನೀಲಿ ಬರಲೇ ಇಲ್ಲ." ಅವನ ಕಣ್ಣು ತುಂಬಿತು. "ಶನಿವಾರ ಪಂಚಾಯ್ತಿಯಲ್ಲಿ ಸೊಪ್ಪಿನ ಮಾರಾಟದ ಒಪ್ಪಂದಕ್ಕೆ ಸಹಿ ಬೀಳೋದಿತ್ತು. ಹೊರದೇಶದವರೂ ಬರ್ತಿದಾರೆ. ಅಜ್ಜಿ ಇಲ್ಲದೆ ಏನು ಮಾಡ್ಲಿ?"

ಅಷ್ಟರಲ್ಲಿ ಹೊರಗೆ ಗಲಾಟೆಯೆದ್ದಿತು.

* * *

ಎನೋಕಾನನ್ನು ಎಳೆದು ತಂದಿದ್ದರು. ಮೀನು ಹಿಡಿದು ಬದುಕುವವನು, ಮಾತು ಒರಟು. ಎರಡು ವರ್ಷದ ಹಿಂದೆ ಇವನ ತಾಯಿ ಅಜ್ಜಿಯ ಮದ್ದಿನಲ್ಲಿರುವಾಗಲೇ ಸತ್ತಿದ್ದಳು. ಅವತ್ತಿನಿಂದ ಅಜ್ಜಿಯ ಜೊತೆ ಮಾತಿಲ್ಲ. ಸಾ ಹೊತ್ತಿನಲ್ಲಿ ಇವನು ಮನೆಯಲ್ಲಿ ಇರಲಿಲ್ಲ. ಕಾಡಿನ ಕಡೆಯಿಂದ ಬಂದಾಗ ಮೈಮೇಲೆಲ್ಲ ರಕ್ತವಿತ್ತು. ಇನ್ನೇನು ಬೇಕು?

ಒಬ್ಬ ಅವನ ಪಕ್ಕೆಗೆ ಒದ್ದ. ಮತ್ತೊಬ್ಬ ದೋಣಿಯ ಹುಟ್ಟಿನಿಂದ ಬಲಗೈಯ ಮೇಲೆ ಬಾರಿಸಿದ. ಮೂಳೆ ಲಟಕ್ಕೆಂದದ್ದು ತುತಾಸಿಗೆ ಜಗಲಿಯವರೆಗೂ ಕೇಳಿತು. ಎನೋಕಾನ ಹೆಂಡತಿ ಸೆಪಿ ಗಂಡನ ಮೇಲೆ ಬಿದ್ದು ಅಡ್ಡವಾದಳು. ಅವಳ ಬೆನ್ನಿಗೂ ಏಟು ಬಿತ್ತು.

"ಬಿಡ್ರೋ!" ತುತಾಸಿ ನುಗ್ಗಿ ಹುಟ್ಟನ್ನು ಕಿತ್ತುಕೊಂಡಳು. ಮುಂದೆ ನಿಂತಿದ್ದವನ ಮೊಣಕಾಲಿಗೆ ಅದರಿಂದಲೇ ಒಂದು ಬಿಟ್ಟಳು. ಅವನು ಕುಂಟುತ್ತಾ ಹಿಂದೆ ಸರಿದ. "ಇನ್ನೊಂದು ಕೈ ಎದ್ರೆ ಆ ಕೈಗೆ ಬೇಡಿ. ಯಾರ ಮಗ ಅಂತ ನೋಡೋದಿಲ್ಲ."

ಊರಿನ ಹಿರಿಯ ಮುಖಂಡ ಆಸೋಮುವಾ ಮುಂದೆ ಬಂದ. ಕೈಯಲ್ಲಿ ಸಭೆಯಲ್ಲಿ ಮಾತಾಡುವ ಹಕ್ಕಿನ ಗುರುತಾದ ಮಾತುಗಾರನ ಕೋಲು. ದನಿ ಏರಿಸದೆ ಮಾತಾಡುವ ಜಾಯಮಾನ, ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂಥದ್ದು.

"ಅವನನ್ನ ನೀನು ಕರ್ಕೊಂಡು ಹೋಗಮ್ಮ. ಅದು ಸರ್ಕಾರದ ಕೆಲಸ. ಅವನ ಮನೆ ನಮ್ಮ ಕೆಲಸ. ಶನಿವಾರ ಮಧ್ಯಾಹ್ನ ಸುಡ್ತೀವಿ. ಮನೆಯ ಉಳಿದ ಎಂಟು ಜೀವಾನೂ ಊರಾಚೆ."

"ಅವನೇ ಮಾಡಿದಾನೆ ಅಂತ ಯಾರು ಹೇಳಿದ್ರು, ಯಜಮಾನ್ರೇ?"

"ಅವನು ಬಾಯಿ ಬಿಡ್ತಿಲ್ಲ. ಸಾಲದಾ?"

"ಶನಿವಾರದೊಳಗೆ ನಾನು ಬೇರೆಯವರನ್ನ ತಂದು ನಿಲ್ಲಿಸಿದ್ರೆ?"

"ತಂದ್ರೆ ನೋಡೋಣ," ಎಂದು ಆಸೋಮುವಾ ಬೆನ್ನು ತಿರುಗಿಸಿದ.

ಸೆಪಿ ನೆಲದಿಂದಲೇ ತುತಾಸಿಯ ಕಾಲು ಹಿಡಿದುಕೊಂಡಳು. "ಅಕ್ಕಾ, ಆರು ಮಕ್ಕಳು, ಒಬ್ಬ ಮುದುಕ ಮಾವ. ಎಲ್ಲಿಗೆ ಹೋಗ್ಲಿ ನಾನು?"

ಸುಟ್ಟ ಮನೆಗಳನ್ನು ತುತಾಸಿ ಹಿಂದೆಯೂ ಕಂಡಿದ್ದಳು. ಅವುಗಳ ಬೂದಿಯಲ್ಲಿ ಪಾತ್ರೆ ಹೆಕ್ಕುವ ಮಕ್ಕಳನ್ನೂ ಕಂಡಿದ್ದಳು.

* * *

ಶುಕ್ರವಾರ ಬೆಳಿಗ್ಗೆ ಲಾಕಪ್ಪಿನಲ್ಲಿ ಎನೋಕಾ ಗೋಡೆಗೆ ಮುಖ ಮಾಡಿ ಕೂತಿದ್ದ. ಮುರಿದ ಕೈಗೆ ಕಂಪೌಂಡರ್ ಪಟ್ಟಿ ಕಟ್ಟಿದ್ದ.

"ಆ ರಕ್ತ ಯಾರದ್ದೋ?"

ಅವನು ಎಡಗೈ ಉಗುರಿನಿಂದ ಗೋಡೆಯ ಸುಣ್ಣ ಕೆರೆದ.

"ನಾಳೆ ಮಧ್ಯಾಹ್ನ ನಿನ್ನ ಮನೆ ಸುಡ್ತಾರೆ. ಬಾಯಿ ಬಿಡ್ತೀಯೋ, ನಿನ್ನ ಮಕ್ಕಳು ಹೇಳಲಿ ಅಂತ ಕಾಯ್ತೀಯೋ?"

ಎನೋಕಾ ನಿಧಾನ ತಿರುಗಿದ. "ಹಂದಿದು."

"ಯಾರ ಹಂದಿ?"

"ಆಸೋಮುವಾ ಯಜಮಾನ್ರದ್ದು. ಮೂರು ತಿಂಗಳಿಂದ ನನ್ನ ಕೆಸುವಿನ ಗದ್ದೆ ಅಗೆದು ಹಾಕ್ತಿತ್ತು. ಎಷ್ಟು ಸಲ ಹೇಳಿದ್ರೂ ಕಟ್ಟಿಹಾಕಲಿಲ್ಲ. ಸಾ ಹೊತ್ತಲ್ಲಿ ಯಾರೂ ನೋಡಲ್ಲ ಅಂತ ಹೋಗಿ ಕತ್ತು ಕುಯ್ದೆ." ಮತ್ತೆ ಗೋಡೆಗೆ ತಿರುಗಿದ. "ಎಲ್ಲರೂ ದೇವರ ಹೆಸರು ಹೇಳ್ತಿರುವಾಗ ಕುಯ್ದೆ. ಅದಕ್ಕೇ ಬಾಯಿ ಬರಲಿಲ್ಲ."

ತುತಾಸಿಗೆ ನಗುವುದೋ ಬೈಯುವುದೋ ತಿಳಿಯಲಿಲ್ಲ. "ಹಂದಿಗೋಸ್ಕರ ನೇಣಿಗೆ ಹೋಗ್ತಿದ್ದೆಯಲ್ಲೋ, ಮಂಕೇ!"

ಕಾನ್‌ಸ್ಟೇಬಲ್ ಫಿಲೆಮೋನಿ ಗದ್ದೆಯ ಬದಿಯ ಗುಂಡಿ ತೋಡಿ ಹಂದಿಯನ್ನು ಹೊರತೆಗೆದ. ಇತ್ತು. ಆದರೆ ಹಂದಿ ಕೊಂದವನು ಅಜ್ಜಿಯನ್ನು ಕೊಂದಿರಲಿಕ್ಕಿಲ್ಲ ಎಂದು ಹೇಳಿದರೆ ಪಂಚಾಯ್ತಿ ಕೇಳುತ್ತದೆಯೇ? ಇವನ ತಲೆಗೆ ಎರಡು ತಪ್ಪು ಕಟ್ಟಿ ಮನೆಯನ್ನು ಎರಡು ಸಲ ಸುಡುತ್ತಿದ್ದರು, ಅಷ್ಟೇ.

ತುತಾಸಿ ಲೆಪೇಕಾಳ ಮನೆಗೆ ಹೋಗಿ ಚಾಪೆಯ ಮೇಲೆ ಕೂತಳು. ಲೆಪೇಕಾ ಕೋಕೋ ಕಾಸಿ ಕೊಟ್ಟಳು. ಅತ್ತತ್ತು ಅವಳ ಕಣ್ಣು ಊದಿಕೊಂಡಿದ್ದವು.

"ಸಾ ಹೊತ್ತಲ್ಲಿ ಏನಾದ್ರೂ ಕೇಳಿಸ್ತಾ?"

"ನಾವೂ ಹಾಡ್ತಿದ್ವಲ್ಲಮ್ಮ. ಅವಳ ಗಂಟಲು ಮಾತ್ರ ಯಾವಾಗ್ಲೂ ಎಲ್ಲರ ಮೇಲೆ ಕೇಳಿಸುತ್ತೆ. ನಿನ್ನೆಯೂ ಕೇಳಿಸ್ತು. ಪಾಪ, ಕೊನೇ ಹಾಡು, ಅದನ್ನೂ ಎರಡನೇ ದನಿಯಲ್ಲಿ ಹಾಡಿದ್ಲು."

ತುತಾಸಿ ಬಟ್ಟಲು ಕೆಳಗಿಟ್ಟಳು. "ಎರಡನೇ ದನಿಯಾ?"

"ಹೂಂ. ಚರ್ಚಿನಲ್ಲಿ ಹಾಡೋ ಹಾಗೆ, ಮೇಲ್ದನಿ ಹಾಡೋರಿಗೆ ಜೊತೆ ಕೊಡೋ ಕೆಳದನಿ. ಮನೆಯಲ್ಲಿ ಒಬ್ಬಳೇ ಇದ್ದಾಗ ಮೇಲ್ದನಿಯೇ ಹಾಡೋಳು. ಒಬ್ಬಳೇ ಇದ್ದು ಎರಡನೇ ದನಿ ಯಾರಾದ್ರೂ ಹಾಡ್ತಾರಾ? ಮುದುಕಿಗೆ ಅರಳು ಮರಳು ಶುರುವಾಯ್ತೇನೋ ಅಂದ್ಕೊಂಡೆ."

"ಎನೋಕಾ ಜೊತೆ ಹಾಡ್ತಿದ್ಲಾ?"

"ಅಯ್ಯೋ, ಅವನು ಆ ಇನ್ನೊಂದು ಚರ್ಚಿನವನಲ್ವಾ? ಅವನಿಗೆ ನಮ್ಮ ಹಾಡು ಎಲ್ಲಿ ಬರುತ್ತೆ!"

ತುತಾಸಿ ಎದ್ದಳು. ಮತ್ತೆ ಏನೋ ನೆನಪಾಗಿ ನಿಂತಳು. "ಆ ಮುಪ್ಪಿನ ಸೊಪ್ಪು ಯಾವುದು, ಲೆಪೇಕಾ? ನಿನಗೆ ಗೊತ್ತಾ?"

ಲೆಪೇಕಾ ಮುಖ ತಗ್ಗಿಸಿದಳು. ಸತ್ತವಳ ಗುಟ್ಟು. ತುತಾಸಿ ಅಲ್ಲಾಡಲಿಲ್ಲ.

"ನಿಜವಾದ ಸೊಪ್ಪು ಅವನಿಗೆ ಕೊಟ್ಟೇ ಇಲ್ಲಮ್ಮ," ಲೆಪೇಕಾ ಕೊನೆಗೂ ಹೇಳಿದಳು. "ಅವಳ ಮದ್ದು ಹವಳದ ದಿಬ್ಬ ದಾಟಿ ಸಮುದ್ರಕ್ಕೆ ಹೋಗಬಾರದು. ಹೋದ್ರೆ ಅದರ ಶಕ್ತಿ ಸತ್ತುಹೋಗುತ್ತೆ. ಅವಳಮ್ಮನ ಕಾಲದಿಂದ ಹಾಗೇ. ಊರಿನ ಹೆಂಗಸರಿಗೆಲ್ಲ ಗೊತ್ತು. ಆಕ್ಲೆಂಡಿನಲ್ಲಿ ಬೆಳೆದವನಿಗೆ ಯಾರು ಹೇಳ್ತಾರೆ?"

"ಹಾಗಾದ್ರೆ ಮೂರು ಚೀಲದಲ್ಲಿ ಹೋಗಿದ್ದು?"

"ಕಲ್ಲೊಲೆ ಮುಚ್ಚೋ ದೀವಿಹಲಸಿನ ಎಲೆ. ಬೆಂದು ಕರಿಕಾದದ್ದು. ಒಣಗಿಸಿ ಪುಡಿ ಮಾಡಿ ತುಂಬಿದ್ಲು. ನಾನೇ ಕುಟ್ಟಿಕೊಟ್ಟೆ." ಲೆಪೇಕಾಳಿಗೆ ಅಳುವಿನ ನಡುವೆಯೇ ನಗು ಬಂತು. "'ಕೆಲಸ ಮಾಡಲಿಲ್ಲ ಅಜ್ಜೀ ಅಂತ ಬಂದು ಹೇಳಿದ್ರೆ ಅವನು ಸಾಚಾ. ಆಗ ಕಾಡಿಗೆ ಕರ್ಕೊಂಡು ಹೋಗಿ ಗಿಡಾನೇ ತೋರಿಸ್ತೀನಿ' ಅಂದಿದ್ಲು. ಅವನು ಬಂದು 'ಕೆಲಸ ಮಾಡ್ತು ಅಜ್ಜೀ' ಅಂತ ಕುಣಿದ. ಮೂರು ಸಲವೂ ಕುಣಿದ. ನಗ್ತಿದ್ದೋಳು ಆಮೇಲೆ ನಗೋದು ಬಿಟ್ಲು."

* * *

ಠಾಣೆಯ ಹಿಂದೆ, ತಂತಿಯ ಮೇಲೆ ಡಾಕ್ಟರನ ಲಾವಲಾವಾ ಒಣಗಿ ಗರಿಗರಿಯಾಗಿತ್ತು. ತುತಾಸಿ ಅದನ್ನು ಬಿಡಿಸಿ ಬಿಸಿಲಿಗೆ ಹಿಡಿದಳು.

ಮೇಲ್ಭಾಗದಲ್ಲಿ ಹೆಣ ಎತ್ತಿದಾಗ ಮೆತ್ತಿದ ರಕ್ತ. ಅದು ಸರಿ. ತೊಡೆಯ ಜಾಗದಲ್ಲಿ ಮಾತ್ರ ಬೇರೆಯೇ ಇತ್ತು. ಸಣ್ಣ ಸಣ್ಣ ಹನಿಗಳು, ಚಿಮ್ಮಿದವು. ಅವು ಬಟ್ಟೆಯುದ್ದಕ್ಕೂ ಹರಡಿರಲಿಲ್ಲ. ಒಂದು ಪಟ್ಟಿ ಹನಿ, ಪಕ್ಕದಲ್ಲಿ ಒಂದು ಪಟ್ಟಿ ಶುಭ್ರ. ಮತ್ತೆ ಹನಿ, ಮತ್ತೆ ಶುಭ್ರ.

"ಫಿಲೆಮೋನಿ, ಇದನ್ನ ಸುತ್ತಿಕೊಂಡು ನಿಲ್ಲು."

"ಥೂ, ರಕ್ತ ಇದೆ ಸಾರ್ಜೆಂಟಮ್ಮ!"

"ಸುತ್ತಿಕೊಳ್ಳೋ."

ನಿಂತಾಗ ಪಟ್ಟಿ ಪಟ್ಟಿಯಾಗಿಯೇ ಕಂಡಿತು.

"ಈಗ ಕೂರು. ಪ್ರಾರ್ಥನೆಗೆ ಕೂರೋ ಹಾಗೆ."

ಫಿಲೆಮೋನಿ ಚಕ್ಕಳಮಕ್ಕಳ ಹಾಕಿ ಕೂತ. ತೊಡೆಗಳ ನಡುವೆ ಬಟ್ಟೆ ಮಡಿಕೆ ಮಡಿಕೆಯಾಗಿ ಸೇರಿತು. ಶುಭ್ರ ಪಟ್ಟಿಗಳೆಲ್ಲ ಮಡಿಕೆಯೊಳಗೆ ಅಡಗಿದವು. ಹನಿಗಳೆಲ್ಲ ಒಂದಾಗಿ ಒಂದೇ ಚಿಮುಕು.

ತುತಾಸಿ ಬಟ್ಟೆಯನ್ನು ಬಿಚ್ಚಿಸಿ ಕಾಗದದಲ್ಲಿ ಸುತ್ತಿಟ್ಟಳು. ಆಮೇಲೆ ಆಪಿಯಾಕ್ಕೆ ಫೋನು ಹಚ್ಚಿದಳು.

* * *

ಶನಿವಾರ. ಪಂಚಾಯ್ತಿ ಮನೆಯ ಕಂಬಗಳಿಗೆ ಒರಗಿ ಮುಖಂಡರು ಕೂತಿದ್ದರು. ನಡುವೆ ಡಾಕ್ಟರ್ ರೋಪೇಟಿ, ಸಹಿಗೆ ಬರುವ ಹೊರದೇಶದವರಿಗಾಗಿ ಕಾಯುತ್ತಾ, ಕೊರಳಲ್ಲಿ ಹೂಮಾಲೆ. ಹೊರಗೆ ಯುವಕರು ಸೀಮೆಎಣ್ಣೆ ಡಬ್ಬ ಹಿಡಿದು ಸಿದ್ಧರಾಗಿದ್ದರು. ಎದುರಿನ ದಿಣ್ಣೆಯ ಮೇಲೆ ಸೆಪಿ ಮನೆ ಖಾಲಿ ಮಾಡುತ್ತಿದ್ದಳು. ಪಾತ್ರೆ, ಚಾಪೆ, ಮುದುಕ ಮಾವ, ಎಲ್ಲ ಅಂಗಳಕ್ಕೆ ಬಂದಿದ್ದವು.

ತುತಾಸಿ ಬಾಗಿ ಒಳಗೆ ಬಂದು ಕೂತಳು.

"ಹೊತ್ತಾಯ್ತು," ಆಸೋಮುವಾ ಹೇಳಿದ. "ತಂದೆಯೇನಮ್ಮ ಬೇರೆಯವನನ್ನ?"

"ತಂದಿಲ್ಲ, ಯಜಮಾನ್ರೇ. ಅವನೇ ಬಂದು ಹೂಮಾಲೆ ಹಾಕ್ಕೊಂಡು ಕೂತಿದಾನೆ."

ಸಭೆ ಗುಜುಗುಜು ಎಂದಿತು. ರೋಪೇಟಿ ನಕ್ಕ. "ಸಾರ್ಜೆಂಟಮ್ಮನಿಗೆ ನಿದ್ದೆ ಕೆಟ್ಟಿದೆ ಅಂತ ಕಾಣುತ್ತೆ."

"ಕೆಟ್ಟಿದೆ. ನೀವೇ ಕೆಡಿಸಿದ್ದು." ತುತಾಸಿ ಲಾವಲಾವಾವನ್ನು ಚಾಪೆಯ ಮೇಲೆ ಹಾಸಿದಳು. "ರಸ್ತೆಯಲ್ಲಿ ಹನ್ನೊಂದು ಜನ ಕಾವಲಿದ್ರು. ಯಾರೂ ಹೋಗಲಿಲ್ಲ, ಯಾರೂ ಬರಲಿಲ್ಲ. ಅಂದ್ರೆ ಕೊಂದವನು ಮೊದಲ ಶಂಖಕ್ಕೆ ಮುಂಚೆಯೇ ಅಜ್ಜಿಯ ಮನೆಯಲ್ಲಿದ್ದ. ಶಂಖ ಊದಿತು. ಇನ್ನು ಅವಳು ಹೊರಗೆ ಕಳಿಸೋ ಹಾಗಿಲ್ಲ, ಅವನು ಎದ್ದು ಹೋಗೋ ಹಾಗಿಲ್ಲ. ಕೂತು ಹಾಡಲೇಬೇಕು. ಲೆಪೇಕಾ, ಅಜ್ಜಿ ಯಾವ ದನಿ ಹಾಡಿದ್ಲು?"

"ಎರಡನೇದು," ಹೊರಗಿನಿಂದ ಲೆಪೇಕಾ ಕೂಗಿದಳು.

ಕೂತವರೆಲ್ಲ ಮುಖ ಮುಖ ನೋಡಿಕೊಂಡರು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮೇಲ್ದನಿ ಹಾಡುವವರು ಪಕ್ಕದಲ್ಲಿಲ್ಲದೆ ಎರಡನೇ ದನಿ ಹಾಡುವ ಹೆಂಗಸು ಇಡೀ ದ್ವೀಪದಲ್ಲಿಲ್ಲ.

"ನಮ್ಮ ಚರ್ಚಿನ ಹಾಡು ಗೊತ್ತಿರೋ ಯಾರೋ ಅವಳ ಜೊತೆ ಹಾಡಿದ. ಕಾಡಿನ ಕಡೆಯಿಂದ ನುಸುಳಿ ಬಂದ ಕೊಲೆಗಾರ ಕೂತು ಹಾಡಲ್ಲ. ಎನೋಕಾನಿಗೆ ಅದು ಬರಲ್ಲ. ಅವನು ಆ ಹೊತ್ತಲ್ಲಿ ನಿಮ್ಮ ಹಂದಿ ಕುಯ್ತಿದ್ದ, ಯಜಮಾನ್ರೇ. ಗುಂಡಿ ತೋಡಿ ನೋಡಿದೀವಿ. ಅದರ ತೀರ್ಪು ನೀವೇ ಮಾಡ್ಕೊಳಿ."

ಆಸೋಮುವಾನ ಮುಖ ಕಪ್ಪಿಟ್ಟಿತು.

"ಡಾಕ್ಟ್ರು ನನಗೆ ಹೇಳಿದ್ದು: ಕೂರಲೇ ಇಲ್ಲ, ನಿಂತೇ ಇದ್ದೆ ಅಂತ. ಈ ಬಟ್ಟೆ ನೋಡಿ. ಹನಿ, ಶುಭ್ರ, ಹನಿ, ಶುಭ್ರ. ಚಕ್ಕಳಮಕ್ಕಳ ಹಾಕಿ ಕೂತವನ ಮಡಿಲಿಗೆ ರಕ್ತ ಚಿಮ್ಮಿದ್ರೆ ಮಾತ್ರ ಹೀಗಾಗುತ್ತೆ. ಅಜ್ಜಿ ತಲೆ ಬಗ್ಗಿಸಿ ಕೈ ಜೋಡಿಸಿದ್ಲು. ಪಕ್ಕದಲ್ಲಿ ಕೂತಿದ್ದೋನು ಕೂತಲ್ಲಿಂದಲೇ ಕಲ್ಲೆತ್ತಿ ಹೊಡೆದ. ಮೂರು ಸಲ. ಆಮೇಲೆ ಮೂರನೇ ಶಂಖ ಆಗೋವರೆಗೆ ಹೆಣದ ಪಕ್ಕ ಕಾದು, ಜನ ಓಡಾಡೋ ಹೊತ್ತಿಗೆ ಎತ್ತಿಕೊಂಡು ಕಿರುಚಿದ. ಮೈಮೇಲಿನ ರಕ್ತಕ್ಕೆ ಒಂದು ನೆಪ ಬೇಕಿತ್ತಲ್ಲ."

"ನಾನ್ಯಾಕೆ ಕೊಲ್ಲಲಿ?" ರೋಪೇಟಿಯ ದನಿ ಒಡೆಯಿತು. "ಅವಳ ಸೊಪ್ಪೇ ನನ್ನ ಜೀವನ!"

"ಸೊಪ್ಪು ಎಲ್ಲಿತ್ತು? ಮೂರು ಚೀಲದಲ್ಲೂ ಇದ್ದದ್ದು ಕಲ್ಲೊಲೆಯ ಕರಿಕು ಎಲೆ."

ಯಾರೋ ಪಕ್ಕನೆ ನಕ್ಕರು. ತಕ್ಷಣ ಬಾಯಿ ಮುಚ್ಚಿಕೊಂಡರು.

"ನಿಮ್ಮ ಪ್ರಯೋಗಾಲಯದ ಹುಡುಗಿಯ ಹತ್ರ ನಿನ್ನೆ ಮಾತಾಡಿದೆ. ಪುಡಿಯ ಸಾರ ಹಾಕಿದ ತಟ್ಟೆಗಳೆಲ್ಲ ನೀಲಿ ಬಿದ್ದವಂತೆ. ನೀವು ಅವನ್ನೆಲ್ಲ ಬಿಸಾಕಿಸಿ, ಎಳೇ ಕೋಶಗಳ ಚಿತ್ರ ತೆಗೆದು, ಇದೇ ಮುದಿ ಕೋಶ, ಸೊಪ್ಪಿನಿಂದ ಹರೆಯ ಬಂತು ಅಂತ ತೋರಿಸಿದ್ರಂತೆ. ನೀವು ಅಜ್ಜಿಯ ಸೊಪ್ಪನ್ನ ಪರೀಕ್ಷೆ ಮಾಡ್ತಿದ್ರಿ. ಅಜ್ಜಿ ನಿಮ್ಮನ್ನ ಪರೀಕ್ಷೆ ಮಾಡ್ತಿದ್ಲು. ಇವತ್ತು ಇಲ್ಲಿ ಎದ್ದುನಿಂತು ಹೇಳೋಳಿದ್ಲು, ಅಲ್ವಾ?"

ರೋಪೇಟಿ ಹೂಮಾಲೆಯನ್ನು ಕಿತ್ತೆಸೆದ. ಮುಖ ಬೆವರಿತ್ತು.

"ಒಂದೇ ಒಂದು ವರ್ಷ ಕೊಡು ಅಂತ ಬೇಡ್ಕೊಂಡೆ. ನಿಜವಾದ ಸೊಪ್ಪು ಕೊಡು, ಎಲ್ಲಾ ಸರಿ ಮಾಡ್ತೀನಿ ಅಂದೆ. ಕೇಳಲಿಲ್ಲ. ಶಂಖ ಊದಿತು. ಹಾಡು ಅಂದ್ಲು, ಹಾಡಿದೆ. ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದ್ಲು. 'ಪ್ರಭುವೇ, ಈ ಮಗು ಸುಳ್ಳು ಹೇಳಿದೆ, ಕ್ಷಮಿಸು' ಅಂತ. ನನ್ನ ಹೆಸರು ಹೇಳಿ! ಜೋರಾಗಿ! ಇನ್ನೊಂದು ಗಳಿಗೆ ಹೋಗಿದ್ರೆ ಇಡೀ ಊರಿಗೆ ಕೇಳ್ತಿತ್ತು. ಅವಳ ಬಾಯಿ ನಿಲ್ಲಬೇಕಿತ್ತು, ಅಷ್ಟೇ!"

ಹಾಗೆನ್ನುತ್ತಲೇ ಜಿಗಿದ. ಔತಣಕ್ಕೆಂದು ತೆಂಗಿನಕಾಯಿ ಕೊಚ್ಚಲು ಇಟ್ಟಿದ್ದ ಮಚ್ಚು ಅವನ ಕೈಗೆ ಸಿಕ್ಕಿತು. ತುತಾಸಿ ತೋಳು ಅಡ್ಡ ಕೊಟ್ಟಳು. ಮಚ್ಚು ಮುಂಗೈಯನ್ನು ಸೀಳಿ ಮೂಳೆಗೆ ತಾಗಿ ನಿಂತಿತು. ಅವಳು ಇನ್ನೊಂದು ಕೈಯಿಂದ ಅವನ ಕುತ್ತಿಗೆ ಹಿಡಿದು ಕಂಬಕ್ಕೆ ಅಪ್ಪಳಿಸಿದಳು. ಒಂದು ಸಲ. ಅಜ್ಜಿ ನೆನಪಾಗಿ ಇನ್ನೊಂದು ಸಲ. ಅವನ ಹಲ್ಲುಗಳು ಚಾಪೆಗೆ ಉದುರಿದವು.

ಯುವಕರು ನುಗ್ಗಿದರು. ಮೊನ್ನೆ ಎನೋಕಾನನ್ನು ಒದ್ದ ಕಾಲುಗಳೇ ಈಗ ರೋಪೇಟಿಯನ್ನು ಒದೆಯತೊಡಗಿದವು. ಸೀಮೆಎಣ್ಣೆ ಡಬ್ಬದ ಮುಚ್ಚಳವನ್ನು ಯಾರೋ ಬಿಚ್ಚಿಯೂ ಬಿಟ್ಟರು. ತುತಾಸಿ ಕೊಲೆಗಾರನ ಮೇಲೆ ಅಡ್ಡ ಬಿದ್ದಳು. ಅವಳ ರಕ್ತ ಅವನ ಮುಖದ ಮೇಲೆ ಸುರಿಯಿತು. "ಮೊದಲು ನನಗೆ ಹಚ್ಚಿ ಬೆಂಕಿ!" ಎಂದು ಗುಡುಗಿದಳು. "ಒಂದು ಸಲ ತಪ್ಪು ಮನುಷ್ಯನ ಕೈ ಮುರಿದ್ರಲ್ಲ, ಸಾಕಾಗಲಿಲ್ವಾ? ನಾಚಿಕೆ ಆಗಲ್ವಾ ನಿಮಗೆ?"

ಕಾಲುಗಳು ನಿಂತವು. ಫಿಲೆಮೋನಿ ಬೇಡಿ ಹಾಕಿದ.

* * *

ಭಾನುವಾರ ಬೆಳಗಾಗುತ್ತಿದ್ದಂತೆ, ಹನ್ನೆರಡು ಹೊಲಿಗೆ ಬಿದ್ದ ತೋಳನ್ನು ಕೊರಳಿಗೆ ಕಟ್ಟಿಕೊಂಡು ತುತಾಸಿ ಎನೋಕಾನನ್ನು ಜೀಪಿನಲ್ಲಿ ಮನೆಗೆ ಬಿಡಲು ಬಂದಳು.

ಅಂಗಳದಲ್ಲಿ ಯಾರೋ ಕೂತಿದ್ದರು. ತಲೆ ಬಗ್ಗಿಸಿ, ನೆಲಕ್ಕೆ ಕೂತು, ಮೈತುಂಬ ನಯವಾದ ಹಳೆಯ ಚಾಪೆ ಹೊದ್ದುಕೊಂಡು. ತಪ್ಪು ಮಾಡಿದವರು ಪ್ರಾಣವನ್ನೇ ಮುಂದಿಟ್ಟು ಹಾಗೆ ಕೂರುತ್ತಾರೆ. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಕಲ್ಲು ಬೀಳಬಹುದು, ಮಚ್ಚೂ ಬೀಳಬಹುದು. ಯಾರೂ ಕೇಳುವುದಿಲ್ಲ. ಚಾಪೆಯ ಕೆಳಗಿನಿಂದ ಮಾತುಗಾರನ ಕೋಲಿನ ತುದಿ ಕಾಣುತ್ತಿತ್ತು. ಹಿಂದೆ ಕಾವಲಿನ ಹನ್ನೊಂದು ಯುವಕರು ಅದೇ ರೀತಿ ತಲೆ ತಗ್ಗಿಸಿ ಕೂತಿದ್ದರು.

ಎನೋಕಾ ಮುರಿದ ಕೈಯನ್ನು ಎದೆಗೊತ್ತಿ ನಿಂತುಬಿಟ್ಟ. ಹೆಂಡತಿಯ ಮುಖ ನೋಡಿದ.

ಸೆಪಿ ಜಗಲಿಯ ಮೇಲೆ ಸಣ್ಣ ಮಗಳ ತಲೆ ಬಾಚುತ್ತಿದ್ದಳು. ನಿಲ್ಲಿಸಲಿಲ್ಲ. ಒಂದು ಜಡೆ ಮುಗಿಸಿದಳು. ಇನ್ನೊಂದನ್ನು ಹೆಣೆಯತೊಡಗಿದಳು. ಬಿಸಿಲು ತೆಂಗಿನ ಮರದ ಬುಡಕ್ಕಿಳಿಯಿತು. ತುತಾಸಿ ಬಾಯಿ ಹಾಕಲಿಲ್ಲ. ಇದು ಅವಳ ಅಧಿಕಾರಕ್ಕೆ ಬರುವ ಮಾತಲ್ಲ.

ಕೊನೆಗೆ ಸೆಪಿ ಬಾಚಣಿಗೆಯನ್ನು ಮುಡಿಗೆ ಸಿಕ್ಕಿಸಿಕೊಂಡು ಇಳಿದು ಬಂದಳು. ಏಟು ತಿಂದ ಬೆನ್ನು ಇನ್ನೂ ನೆಟ್ಟಗಾಗಿರಲಿಲ್ಲ. ಎರಡು ಕೈಯಲ್ಲೂ ಚಾಪೆಯನ್ನು ಎತ್ತಿದಳು. ಆಸೋಮುವಾ ಮುಖ ಮೇಲೆತ್ತಿದ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು.

"ಏಳಿ, ಯಜಮಾನ್ರೇ," ಸೆಪಿ ಹೇಳಿದಳು. "ಮಕ್ಕಳು ಚರ್ಚಿಗೆ ಹೋಗ್ಬೇಕು. ದಾರಿಗೆ ಅಡ್ಡ ಕೂತಿದೀರಿ."